ಸಹಜವಾಗಿ ಸತ್ತ ಬೆನ್ನೆಲುಬಿನವರು

ಬೆನ್ನೆಲುಬಿರುವ ಪ್ರಾಣಿಗಳ ಪಾಠ ಮಾಡುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಗಿಡಮರದ ಪಾಠ ಮಾಡುವವರು ಮಾತ್ರ ನೆಮ್ಮದಿಯಾಗಿರುವುದನ್ನು ಕಂಡಿದ್ದೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ ಅರಸೀಕೆರೆಯ ಒಂದು ಖಾಸಗಿ ಜೂನಿಯರ್ ಕಾಲೇಜಿಗೆ ಜೀವಶಾಸ್ತ್ರದ ಮೇಷ್ಟರಾಗಿ ಸೇರಿದೆ. ವಿಭಾಗಕ್ಕೆ ಇನ್ನೂ ಮಂಜೂರಾತಿ ಇರಲಿಲ್ಲ. ಮೀನು, ಕಪ್ಪೆ, ಸರೀಸೃಪ, ಹಕ್ಕಿ, ಸಸ್ತನಿ, ಈ ಐದು ವರ್ಗಗಳ ಒಂದೊಂದು ಮಾದರಿ ಪ್ರಯೋಗಾಲಯದಲ್ಲಿ ಇರಬೇಕು, ಇಲ್ಲದಿದ್ದರೆ ವಿಭಾಗ ಮುಚ್ಚಬೇಕು ಎಂದು ಇಲಾಖೆ ತಿಳಿಸಿತ್ತು. ಮುಚ್ಚಿದರೆ ನನ್ನ ಕೆಲಸವೂ ಹೋಗುತ್ತಿತ್ತು.

ಆಡಳಿತ ಮಂಡಳಿಯ ಅಧ್ಯಕ್ಷರು ಹಳೇಬೀಡಿನ ಬಸದಿಗಳ ಪಕ್ಕದ ಜೈನ ಮನೆತನದವರು. ಅವರದು ಒಂದೇ ಷರತ್ತು: ಯಾವ ಪ್ರಾಣಿಯನ್ನೂ ಕೊಲ್ಲಬಾರದು. ತಾನಾಗಿ ಸತ್ತದ್ದನ್ನು ಇಡಬಹುದು. ಆದರೆ ಸಾವು ಸಹಜವಾದದ್ದೆಂದು ಐದು ಜನ ಪಂಚರು ಸಹಿ ಹಾಕಿದ ಮಹಜರು ಬೇಕು.

೧. ಮೀನು

ಮೂರು ವಾರ ಕೆರೆ ಏರಿಯ ಮೇಲೆ ಓಡಾಡಿದ ಮೇಲೆ ಒಂದು ಮೀನು ತೇಲಿ ಬಂತು. ಮಹಜರು ಬರೆಯಲು ಒಬ್ಬ ನಿವೃತ್ತ ಶಾನುಭೋಗರನ್ನು ಕರೆತಂದೆ. ಅವರು ಮೀನನ್ನು ಮಗುಚಿ ಹಾಕಿ ನೋಡಿ, ಗಾಯವಿಲ್ಲ, ಬಲೆಯ ಗುರುತಿಲ್ಲ ಎಂದು ಬರೆದರು. ಸಾವಿನ ಕಾರಣಕ್ಕೆ ಬಂದಾಗ ಪೆನ್ನು ನಿಂತಿತು. ಕೆರೆಯಲ್ಲಿ ಸಿಕ್ಕ ಹೆಣಗಳಿಗೆಲ್ಲ ಅವರು ಸರ್ವೀಸಿನುದ್ದಕ್ಕೂ ಬರೆದ ವಾಕ್ಯ ಒಂದೇ. ಅದನ್ನೇ ಬರೆದರು: "ಕಾಲು ಜಾರಿ ನೀರಿಗೆ ಬಿದ್ದು, ಈಜು ಬಾರದೆ ಮೃತಪಟ್ಟಂತೆ ಕಂಡುಬರುತ್ತದೆ."

ಐದೂ ಜನ ಸಹಿ ಹಾಕಿದರು.

೨. ಹಾವು

ಹಗರೆಯ ಒಂದು ತೋಟದಲ್ಲಿ ನಾಗರಹಾವು ತಾನಾಗಿ ಸತ್ತಿದೆ ಎಂದು ಸುದ್ದಿ ಬಂತು. ಬಸ್ಸು ಹಿಡಿದೆ. ಸತ್ತ ನಾಗರಕ್ಕೆ ನಮ್ಮ ಕಡೆ ಮನುಷ್ಯರಿಗೆ ಮಾಡುವಂತೆಯೇ ಸಂಸ್ಕಾರ ಮಾಡುತ್ತಾರೆ. ನಾನು ಹೋಗುವ ಹೊತ್ತಿಗೆ ಸೌದೆ, ಹಾಲು, ತುಪ್ಪ ಎಲ್ಲ ಸಿದ್ಧವಿತ್ತು. ಬೆಂಕಿ ಇಟ್ಟವನು ಹನ್ನೊಂದು ದಿನ ಸೂತಕ ಹಿಡಿಯಬೇಕು. ಒಕ್ಕಣೆಯ ಕಾಲ, ಯಾರಿಗೂ ಬಿಡುವಿಲ್ಲ. ಹೆಣವನ್ನು ನನಗೆ ಕೊಡುತ್ತೀರಾ ಎಂದು ಕೇಳಿದೆ.

ತೋಟದ ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸತ್ತೋರಿಗೆ ತಾವೇನಾಗ್ಬೇಕು ಸಾಮಿ?"

ಬೆನ್ನೆಲುಬಿನ ಕಡೆಯಿಂದ ದೂರದ ಸಂಬಂಧ ಎಂದೆ. ಪಾಠ ಮಾಡಿ ಅಭ್ಯಾಸ.

"ಅಂಗಾರೆ ನೀವೇ ಬೆಂಕಿ ಇಡಿ."

ಇಟ್ಟೆ. ಹನ್ನೊಂದು ದಿನದ ಸೂತಕಕ್ಕೆ ಹಾಕಿದ ರಜೆ ಅರ್ಜಿಯಲ್ಲಿ ಮೃತರೊಂದಿಗಿನ ಸಂಬಂಧ ಎಂಬಲ್ಲಿ 'ದಾಯಾದಿ' ಎಂದು ತುಂಬಿದೆ.

೩. ಹಿರೀಕರು

ಮಂಡಳಿಯ ಸದಸ್ಯರೊಬ್ಬರು ಕೊಬ್ಬರಿ ಸಾಹುಕಾರರು, ವಿಭೂತಿ ಇಲ್ಲದೆ ಹೊರಗೆ ಬಾರದವರು. ಮಗಳ ನೋಟ್ಸು ಹಿಡಿದು ಬಂದರು. ಮೀನಿನಿಂದ ಕಪ್ಪೆ, ಹಾಗೇ ಮುಂದುವರಿದು ಕೊನೆಗೆ ನಾವು ಎಂದು ನಾನು ಬರೆಸಿದ್ದೆ.

"ಮೇಷ್ಟ್ರೇ, ನಾವು ಮಾಂಸ ಮುಟ್ದೋರಲ್ಲ. ನಮ್ಮ ಹಿರೀಕ್ರು ಮೀನು ಅಂದ್ರೆ ಮಠದಲ್ಲಿ ಏನು ಹೇಳ್ಲಿ?"

ಕೋಟ್ಯಂತರ ವರ್ಷಗಳ ಹಿಂದಿನ ಮಾತು ಎಂದೆ. ಎಷ್ಟು ಹಿಂದಾದರೂ ವಂಶ ವಂಶವೇ ಎಂದರು. ಅರ್ಧ ಗಂಟೆ ವಾದವಾದ ಮೇಲೆ ಅವರೇ ಒಂದು ಮೆಟ್ಟಿಲು ಇಳಿದರು. ಮೀನಾಗಿದ್ದರೂ ಅಡ್ಡಿಯಿಲ್ಲ, ಆದರೆ ಪಾಚಿ ತಿಂದುಕೊಂಡಿದ್ದ ಮೀನು ಎಂದು ಬರೆಸಬೇಕು.

ಬರೆಸಿದೆ.

೪. ಸಸ್ತನಿ

ಇಲಾಖೆಯ ಅಧಿಕಾರಿ ತಪಾಸಣೆಗೆ ಬಂದ ದಿನ ಮೀನಿನ ಜೊತೆಗೆ ಬಾವಿಯಲ್ಲಿ ಸತ್ತ ಕಪ್ಪೆ, ಗಡಿಯಾರದ ಹಿಂದೆ ಒಣಗಿದ ಹಲ್ಲಿ, ಮುಪ್ಪಿನಿಂದ ತೀರಿಕೊಂಡ ಗಿಳಿ, ಎಲ್ಲ ಮಹಜರು ಸಮೇತ ಇದ್ದವು. ಸಸ್ತನಿ ಇರಲಿಲ್ಲ. ಸಿಕ್ಕ ನಾಯಿ ಬಸ್ಸಿನಡಿ ಸತ್ತದ್ದು, ಇಲಿ ಬೋನಿನಲ್ಲಿ ಸತ್ತದ್ದು. ವಯಸ್ಸಾಗಿ ಸತ್ತ ಎತ್ತೊಂದಿತ್ತು. ಬಸವನ ಬುರುಡೆಯನ್ನು ಬೀರುವಿನಲ್ಲಿ ಇಡುವುದುಂಟೇ ಎಂದು ಸಾಹುಕಾರರು ತಡೆದಿದ್ದರು.

ಸಸ್ತನಿ ಇಲ್ಲದೆ ಮಂಜೂರಾತಿ ಇಲ್ಲ ಎಂದು ಅಧಿಕಾರಿ ಪೆನ್ನಿನ ಕ್ಯಾಪು ತೆಗೆದರು. ನಾನು ಮನಸ್ಸಿನಲ್ಲೇ ಟ್ರಂಕು ತುಂಬತೊಡಗಿದೆ. ಆಗ ಎಪ್ಪತ್ತು ದಾಟಿದ ಅಧ್ಯಕ್ಷರು ಎದ್ದು ನಿಂತು ನನ್ನ ಕಡೆ ತಿರುಗಿದರು.

"ನಾನು ಸಸ್ತನಿ ಅಲ್ವೇನ್ರೀ?"

ಹೌದು ಎಂದೆ.

"ಬರ್ಕೊಳ್ಳಿ ಸಾಹೇಬ್ರೆ. ನಾನು ತಾನಾಗಿ ಸತ್ತ ಮೇಲೆ ನನ್ನ ಎಲುಬೆಲ್ಲ ಕಾಲೇಜಿಗೆ."

ಪಂಚರು ಐದೂ ಜನ ಅಲ್ಲೇ ಇದ್ದರು, ಸಹಿ ಹಾಕಿದರು. ಅಧಿಕಾರಿ "ಸಸ್ತನಿ: ಗೊತ್ತುಪಡಿಸಲಾಗಿದೆ, ಸರಬರಾಜು ಬಾಕಿ" ಎಂದು ಬರೆದು ತಾತ್ಕಾಲಿಕ ಮಂಜೂರಾತಿ ಕೊಟ್ಟರು.

ಅಲ್ಲಿಂದ ಮುಂದೆ ಪ್ರತಿ ಜೂನ್ ತಿಂಗಳಲ್ಲೂ ಇಲಾಖೆಯಿಂದ ಜ್ಞಾಪನಾ ಪತ್ರ ಬರುತ್ತಿತ್ತು: ಸಸ್ತನಿ ಈವರೆಗೆ ಏಕೆ ಸರಬರಾಜಾಗಿಲ್ಲ. ಉತ್ತರ ನಾನು ಬರೆಯುತ್ತಿದ್ದೆ. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಸಹಿ ಹಾಕುತ್ತಿದ್ದರು.

"ಸದರಿ ಸಸ್ತನಿ ಆರೋಗ್ಯವಾಗಿದೆ. ವಿಳಂಬಕ್ಕೆ ವಿಷಾದಿಸುತ್ತೇವೆ."