ಮೂಗೆತ್ತುವ ಕಾರನ್ನೇ ಕೊಳ್ಳಿರೆಂದು ಡೈರಿ ಮುಂದಿನಿಂದ ಒಂದು ಬಿನ್ನಹ

ಮಾನ್ಯ ನರೇಶ್ ಅವರೇ,

ನೇರಳೆಕುಂಟೆಯ ಹಾಲಿನ ಡೈರಿ ಮುಂದಿದ್ದ ಹಂಪ್ಸನ್ನು ತಾವು ಕೀಳಿಸಿದ್ದು ತಪ್ಪು. ಈ ಒಂದು ವಾಕ್ಯವನ್ನು ಮೊದಲೇ ಹೇಳಿ ಮುಗಿಸಿಬಿಟ್ಟರೆ ಮಿಕ್ಕ ಪತ್ರವನ್ನೆಲ್ಲ ತಮಗೆ ಸಲ್ಲಬೇಕಾದ ಮರ್ಯಾದೆಗೇ ಮೀಸಲಿಡಬಹುದೆಂಬ ಆಸೆಯಿಂದ ಹೀಗೆ ಆರಂಭಿಸಿದ್ದೇನೆ. ಇನ್ನು ತಮಗೂ, ತಮ್ಮ ತೋಟದ ಮನೆಗೂ, ತಮ್ಮ ಹಳದಿ ಕಾರಿಗೂ, ಕೊಳ್ಳುವುದೋ ಬಿಡುವುದೋ ಎಂದು ಯುಗಾದಿಯಿಂದ ತಾವು ತೂಗುತ್ತಿರುವ ಆ ಹೊಸ ತಲೆಮಾರಿನ ಕಾರಿಗೂ ಈ ಊರಿನ ಪರವಾಗಿ ಬೇರೆಬೇರೆಯಾಗಿ ನಮಸ್ಕಾರಗಳು.

ಇದು ಬಹಿರಂಗ ಪತ್ರ. ಡೈರಿಯ ಗೋಡೆಗೊಂದು, ಬಸ್ಸು ನಿಲ್ಲುವ ಅರಳಿಕಟ್ಟೆಗೊಂದು ಪ್ರತಿ ಅಂಟಿಸಲಿರುವುದರಿಂದ, ತಮ್ಮನ್ನು ಅರಿಯದ ದಾರಿಹೋಕರಿಗೂ ತಮ್ಮ ಪರಿಚಯ ಮಾಡಿಕೊಡುವುದು ನನ್ನ ಕರ್ತವ್ಯವಾಗುತ್ತದೆ. ದೇವನಹಳ್ಳಿಯ ಸುತ್ತಮುತ್ತಲಿನ ರಾಗಿ ಹೊಲಗಳನ್ನೂ ದ್ರಾಕ್ಷಿ ತೋಟಗಳನ್ನೂ ಬಡಾವಣೆಗಳನ್ನಾಗಿ ಮಾಡಿ ಮಾರಿ, ಕೊನೆಗೆ ಕಣ್ಣಿಗೆ ಹಸಿರೇ ಬೀಳದಂತಾದಾಗ, ಅದನ್ನು ನೋಡುವುದಕ್ಕೆಂದು ನಮ್ಮೂರಿನ ಆಚೆಗೆ ತೋಟದ ಮನೆ ಕಟ್ಟಿಸಿಕೊಂಡ ದೂರದೃಷ್ಟಿಯವರು ತಾವು. ಪ್ರತಿ ಭಾನುವಾರ ಬೆಳಿಗ್ಗೆ ತಮ್ಮ ಹಳದಿ ಸ್ಪೋರ್ಟ್ಸ್ ಕಾರು ನಮ್ಮ ಬೀದಿಯಲ್ಲಿ ಹಾದುಹೋಗುತ್ತದೆ. ಅದರ ಹೊಟ್ಟೆ ನೆಲಕ್ಕೆ ಎಷ್ಟು ಹತ್ತಿರವೆಂದರೆ ಅದರಡಿ ಕೋಳಿಮರಿ ನುಸುಳಬಹುದು, ಹೇಂಟೆ ನುಸುಳಲಾರದು.

ಸರ್ಕಾರಿ ಕಾಗದದಲ್ಲಿ ರಸ್ತೆ ಉಬ್ಬು ಎಂದೂ ನಮ್ಮ ಬಾಯಲ್ಲಿ ಹಂಪ್ಸು ಎಂದೂ ಕರೆಸಿಕೊಳ್ಳುತ್ತಿದ್ದ ಆ ಸಣ್ಣ ದಿಬ್ಬಕ್ಕೂ ಒಂದು ಇತಿಹಾಸವಿತ್ತು. ಅಲ್ಲಿ ಗಾಡಿ ಬಡಿದು ಇಬ್ಬರು ಮನುಷ್ಯರ ಕಾಲು ಮುರಿದಾಗ ಬಾರದ ಹಂಪ್ಸು, ಡೈರಿ ಅಧ್ಯಕ್ಷ ಗೋಪಾಲಪ್ಪನವರ ಕರೆಯುವ ಹಸುವಿನ ಕಾಲು ಮುರಿದ ವಾರವೇ ಬಂತು. ಹೇಗಾದರೂ ಬಂತಲ್ಲ ಎಂದು ನಾವು ಸಂತೋಷಪಟ್ಟೆವು. ಸಮಾನತೆ ಎಂಬುದು ನಾನು ಓದಿದ ಕರಪತ್ರಗಳಿಂದ ಹೊರಗೆ ಕಾಣಿಸಿಕೊಂಡದ್ದು ಆ ಹಂಪ್ಸಿನ ಮೇಲೆ ಮಾತ್ರ: ಹಾಲಿನ ಟ್ಯಾಂಕರು, ಸ್ಕೂಲ್ ವ್ಯಾನು, ಬಾವುಟ ಕಟ್ಟಿಕೊಂಡ ಜೀಪು, ಹೂವು ಕಟ್ಟಿಕೊಂಡ ಮದುಮಗನ ಕಾರು, ಎಲ್ಲವೂ ಅಲ್ಲಿ ಒಂದು ಗಳಿಗೆ ತಗ್ಗಿಯೇ ಮುಂದೆ ಹೋಗಬೇಕಿತ್ತು. ತಮ್ಮ ಕಾರಿಗೆ ಮಾತ್ರ ಇನ್ನೂ ತಗ್ಗಲು ಜಾಗವಿರಲಿಲ್ಲವಾದ್ದರಿಂದ, ನಮ್ಮ ಹುಡುಗರು ಪ್ರತಿ ಭಾನುವಾರ ಡೈರಿಯ ಹಲಗೆಗಳನ್ನು ತಂದು ಹಂಪ್ಸಿನ ಎರಡೂ ಮಗ್ಗುಲಿಗೆ ಇಳಿಜಾರಾಗಿ ಹಾಸಿ, "ಬನ್ನಿ ಸಾರ್, ಬನ್ನಿ ಬನ್ನಿ, ಒಂಚೂರು ರೈಟ್ ಒಡೀರಿ" ಎಂದು ಕೈಬೀಸಿ ಕರೆದು, "ಏಯ್, ಹಲಗೆ ಎಳೀಬೇಡ್ರೋ, ಸಾಹೇಬ್ರ ಹೊಟ್ಟೆ ತಾಗ್ತೈತೆ" ಎಂದು ತಮ್ಮ ತಮ್ಮಲ್ಲೇ ನಕ್ಕು, ತಮ್ಮನ್ನು ದಾಟಿಸುತ್ತಿದ್ದರು. ದಾಟಿದ ಮೇಲೆ ತಾವು ನಮ್ಮ ಅಬ್ಬಾ ಮುನಾವರ್ ಪಾಷಾ ಅವರ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು, ಚಹಾ ಆರುವವರೆಗೆ ಕಾರನ್ನೇ ನೋಡುತ್ತಿದ್ದಿರಿ.

ತಮ್ಮ ಸಂಕಟ ಊರಿಗೆ ತಿಳಿದದ್ದು ಅದೇ ಬೆಂಚಿನ ಮೇಲೆ. "ಇದು ಹಿಂದಿನ ಜನರೇಷನ್ನು ಪಾಷಣ್ಣ, ಹೊಸದು ಬಂದ್ಬಿಟ್ಟಿದೆ. ತಗೊಳ್ಳೋದಾ ಬೇಡ್ವಾ ಅಂತ ನಿದ್ದೇನೇ ಬರ್ತಿಲ್ಲ" ಎಂದು ತಾವು ಹೇಳಿದಾಗ ನಮ್ಮ ಊರು ತಮ್ಮ ಕಷ್ಟವನ್ನು ತನ್ನದೆಂದೇ ತಿಳಿದುಕೊಂಡಿತು. ನಮ್ಮಲ್ಲಿ ತಲೆಮಾರು ಎಂದರೆ ಅಜ್ಜ ಹೋಗಿ ಮೊಮ್ಮಗ ಮೀಸೆ ತಿರುವುವಷ್ಟು ಕಾಲ. ಕಾರುಗಳಲ್ಲಿ ಅದು ಟೈರು ಸವೆಯುವುದರೊಳಗೆ ಮುಗಿಯುತ್ತದೆಂದು ಕೇಳಿ ಮರುಗದವರಿಲ್ಲ. ಅಬ್ಬಾ, "ತಗೊಳ್ಳಿ ಸಾರ್, ಹೋಗೋವಾಗ ಏನ್ ಹೊತ್ಕೊಂಡ್ ಹೋಗ್ತೀವಿ" ಎಂದರು. ಗೋಪಾಲಪ್ಪನವರು, "ಕರೆಯೋ ಹಸ ಮಾರಿ ಗಬ್ಬದ ಹಸ ತಂದೋನು ಉದ್ಧಾರ ಆಗಿದ್ದು ನಾನ್ ನೋಡಿಲ್ಲ ಕಣಪ್ಪ" ಎಂದು ತಮ್ಮ ಅನುಭವ ಹೇಳಿದರು. ಡೈರಿಯ ಕಾರ್ಯದರ್ಶಿ ಶಶಿರೇಖಾ ಅವರು, "ಸಾರ್, ಹೊಸದಾದ್ರೂ ಸದ್ದು ಕಮ್ಮಿ ಮಾಡುತ್ತಾ? ನಿಮ್ ಗಾಡಿ ಅಬ್ಬರಕ್ಕೆ ಭಾನುವಾರ ಹಸುಗಳು ಸೊರ ಬಿಡಲ್ಲ, ಹಾಲೇ ಇಳಿಯಲ್ಲ" ಎಂದು ಕೇಳಿದ್ದಕ್ಕೆ, ಹೊಸದು ಊರೊಳಗೆ ಬ್ಯಾಟರಿಯಲ್ಲಿ ಓಡುತ್ತದೆ, ಉಸಿರೂ ಕೇಳಿಸದು ಎಂದು ತಾವು ಅಭಯ ನೀಡಿದಿರಿ. ಆಮೇಲೆ ನಿಟ್ಟುಸಿರು ಬಿಟ್ಟು, "ಆದ್ರೆ ಹೊಸದರ ಹೊಟ್ಟೆ ಇನ್ನೂ ಕೆಳಗಂತೆ. ಈ ದರಿದ್ರ ಹಂಪ್ಸ್ ಒಂದ್ ಇಲ್ದಿದ್ರೆ ಇವತ್ತೇ ಬುಕ್ ಮಾಡ್ತಿದ್ದೆ" ಎಂದಿರಿ. ಅಲ್ಲೇ ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದ ಪಂಚಾಯಿತಿ ಸದಸ್ಯ ಬೈರಪ್ಪನವರು ಕೈಯೊರೆಸಿಕೊಂಡು, "ಅದೊಂದ್ ಮಾತಾ ಅಣ್ಣಾ, ಬಿಡಿ" ಎಂದರು.

ಮುಂದಿನ ಗುರುವಾರ ಜೆಸಿಬಿ ಬಂತು. ಇಬ್ಬರ ಕಾಲು ಮುರಿದ ಮೇಲೂ ಎದ್ದೇಳದ ಆಡಳಿತ ಒಬ್ಬರ ನಿದ್ದೆ ಕೆಟ್ಟಿತೆಂದ ಕೂಡಲೇ ಇಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ಕಂಡು ನನ್ನಂಥ ನಿರಾಶಾವಾದಿಗೂ ಪ್ರಜಾಪ್ರಭುತ್ವದ ಮೇಲೆ ಭರವಸೆ ಮೂಡಿತು. ಅದೇ ಭರವಸೆಯಲ್ಲಿ ಹಂಪ್ಸನ್ನು ಮತ್ತೆ ಹಾಕಿಸಿ ಎಂದು ಕೇಳಲು ಹೋದೆ. "ಹಂಪ್ಸ್ ಹಾಕ್ಬೇಕಂದ್ರೆ ಮೇಲಿಂದ ಪರ್ಮಿಷನ್ ಬೇಕಮ್ಮ" ಎಂದರು ಬೈರಪ್ಪನವರು. ತೆಗೆಯುವುದಕ್ಕೆ ಏನು ಬೇಕು ಎಂದು ಕೇಳಿದೆ. "ತೆಗೆಯೋಕೆ ಜೆಸಿಬಿ ಬೇಕು" ಎಂದರು. ಆಡಳಿತಶಾಸ್ತ್ರದ ಬಗ್ಗೆ ನಾನು ಓದಿರುವ ಯಾವ ಕಿರುಹೊತ್ತಗೆಯೂ ವಿಷಯವನ್ನು ಇಷ್ಟು ಸ್ಪಷ್ಟವಾಗಿ ಹೇಳಿಲ್ಲ.

ಇನ್ನು ದೊಡ್ಡಬೀರಪ್ಪ ತಾತನ ವಿಷಯ. ಅವರನ್ನು ತಾವು ನೋಡಿದ್ದೀರಿ. ಅವರು ತಮ್ಮನ್ನು ನೋಡಿಲ್ಲ, ಏಕೆಂದರೆ ಅವರ ಎರಡೂ ಕಣ್ಣಿನ ನರ ಒಣಗಿದೆ. ಅವರ ಮನೆ ರಸ್ತೆಯ ಈ ಕಡೆ, ಡೈರಿ ಆ ಕಡೆ. ಒಂದೇ ಹಸು, ಅದರ ಹೆಸರು ರಾಣಿ, ಹೊತ್ತಿಗೊಂದು ಕ್ಯಾನು ಹಾಲು. ಬೆಳಿಗ್ಗೆ, ಸಂಜೆ ಅದನ್ನು ತಾವೇ ಕರೆದು, ತಾವೇ ಹೊತ್ತು, ತಾವೇ ದಾಟಿ ಡೈರಿಗೆ ಹಾಕುವುದು ಅವರ ಹಟ. ಅವರು ದಾಟುತ್ತಿದ್ದುದು ಹಂಪ್ಸಿನ ಸದ್ದು ಕೇಳಿ. ಯಾವ ವಾಹನವಾದರೂ ಅದರ ಮೇಲೆ ಮುಂದಿನ ಚಕ್ರಕ್ಕೊಮ್ಮೆ ಢಡಕ್ ಎನ್ನಬೇಕು, ಹಿಂದಿನ ಚಕ್ರಕ್ಕೊಮ್ಮೆ ಢಡಕ್ ಎನ್ನಬೇಕು. ಎರಡನೆಯದು ಆದ ಮೇಲೆ ತಾತ ಕೋಲು ಮುಂದಿಡುತ್ತಿದ್ದರು. ಹಾಗೆಂದು ಅವರ ಕಿವಿ ಅಂಥ ಪಂಡಿತನ ಕಿವಿಯೇನಲ್ಲ. ತಮ್ಮ ಸ್ಪೋರ್ಟ್ಸ್ ಕಾರನ್ನು ಅವರು ಮೊದಲಿನಿಂದಲೂ ಬೋರ್‌ವೆಲ್ ಲಾರಿ ಎಂದೇ ತಿಳಿದಿದ್ದಾರೆ. ತಾವು ಗುಡುಗುತ್ತಾ ಹೋದ ಪ್ರತಿ ಭಾನುವಾರವೂ ನಮ್ಮ ಅಂಗಡಿಗೆ ಬಂದು, "ಯಾರ ಹೊಲ್ದಾಗಮ್ಮಣ್ಣಿ? ನೀರು ಬಿತ್ತಂತಾ?" ಎಂದು ನನ್ನನ್ನು ವಿಚಾರಿಸುತ್ತಾರೆ.

ಹಂಪ್ಸು ಹೋದ ಮಾರನೆಯ ಬೆಳಿಗ್ಗೆ ತಾತ ರಸ್ತೆಯ ಅಂಚಿನಲ್ಲಿ ಕ್ಯಾನು ಹಿಡಿದು ಢಡಕ್‌ಗಾಗಿ ಕಾಯುತ್ತಾ ನಿಂತರು. ವಾಹನಗಳು ನೀರಿನಂತೆ ಹರಿದುಹೋದವು. ಅವರು ದಾಟುವಷ್ಟರಲ್ಲಿ ಟ್ಯಾಂಕರು ಹೊರಟುಹೋಗಿತ್ತು. ಸಂಜೆಗೆ ಧೈರ್ಯ ಮಾಡಿ ಕಾಲಿಟ್ಟಾಗ ಬೈಕೊಂದರ ಕನ್ನಡಿ ಮೊಣಕೈಗೆ ಬಡಿದು ಕ್ಯಾನು ಉರುಳಿತು. ತಾತನಿಗೆ ಪೆಟ್ಟೇನೂ ಆಗಲಿಲ್ಲ. ರಾಣಿಯ ಹಾಲು ಟಾರಿನ ಮೇಲೆ ಆ ಕಡೆ ಚರಂಡಿಯವರೆಗೆ ಹರಿಯಿತು, ತಾವು ನುಣುಪು ಮಾಡಿಸಿದ್ದ ಜಾಗವಾದ್ದರಿಂದ ಎಲ್ಲಿಯೂ ತಡೆಯಿಲ್ಲದೆ ಹರಿಯಿತು. ಅಂದಿನಿಂದ ಶಶಿರೇಖಾ ಅಕ್ಕನೋ ನಾನೋ ಕೈಹಿಡಿದು ದಾಟಿಸುತ್ತೇವೆ. "ಕೈ ಹಿಡ್ಕೊಂಡ್ ಕರ್ಕೊಂಡ್ ಹೋಗೋಕೆ ನಾನೇನ್ ಮದ್ವೆ ಗಂಡಾ?" ಎಂದು ಮೊದಲ ದಿನ ನಗಿಸಿದರು. ಮೂರನೆಯ ದಿನ ರಸ್ತೆಯ ನಡುವೆಯೇ ನಿಂತು, "ರಾಣಿನ ಕೊಟ್ಬಿಡ್ತೀನಿ ಕಣಮ್ಮಣ್ಣಿ. ಬರೋ ಸೋಮವಾರ ಬಾ ಅಂತ ದಲ್ಲಾಳಿಗೆ ಹೇಳಿದ್ದೀನಿ" ಎಂದರು. ಹಿಂದಿನಿಂದ ಆಟೋದವನು ಹಾರ್ನ್ ಹೊಡೆಯುತ್ತಲೇ ಇದ್ದ.

ಮಾನ್ಯರೇ, ಹೀಗೆ ತಾವು ಒಂದು ಗಾಡಿಯನ್ನು ಬದಲಿಸುವುದೋ ಬೇಡವೋ ಎಂದು ಯೋಚಿಸುತ್ತಿರುವಾಗ, ಇನ್ನೊಬ್ಬರು ಯೋಚನೆಗೆ ಎಡೆಯಿಲ್ಲದೆ ಹಸುವನ್ನೇ ಬಿಡಬೇಕಾಗಿ ಬಂದಿದೆ. ಇಂಥ ಹೊತ್ತಿನಲ್ಲಿ ನನ್ನಂಥವಳು ತಮ್ಮ ಐಷಾರಾಮವನ್ನು ಖಂಡಿಸಿ ಪದ್ಯ ಬರೆಯಬಹುದೆಂದು ತಾವು ನಿರೀಕ್ಷಿಸಿರಬಹುದು. ಹಾಗೆ ಮಾಡುವವಳಿದ್ದೆ. ಅಷ್ಟರಲ್ಲಿ ತಾವು ಬೆಂಚಿನ ಮೇಲೆ ಮರೆತುಹೋಗಿದ್ದ ಹೊಸ ಕಾರಿನ ಬಣ್ಣದ ಕೈಪಿಡಿ ನನ್ನ ಕೈಗೆ ಬಂತು. ಅಬ್ಬಾ ಅದರಲ್ಲಿ ಬಜ್ಜಿ ಕಟ್ಟಿಕೊಡಲು ನೋಡಿದ್ದರು, ಕಾಗದ ಎಷ್ಟು ಶ್ರೀಮಂತವೆಂದರೆ ಎಣ್ಣೆಯನ್ನು ಹೀರಿಕೊಳ್ಳಲು ಒಪ್ಪಲಿಲ್ಲ. ಅಚ್ಚಾದ ಕಾಗದವನ್ನು ಓದದೆ ಬಿಡುವ ಅಭ್ಯಾಸ ನನಗಿಲ್ಲ. ನಿಘಂಟು ಇಟ್ಟುಕೊಂಡು ಕೊನೆಯ ಪುಟದವರೆಗೂ ಓದಿದೆ. ತಾವು ಓದಿಲ್ಲವೆಂದು ತೋರುತ್ತದೆ.

ಏಕೆಂದರೆ ಕೊನೆಯ ಪುಟಕ್ಕಿಂತ ಸ್ವಲ್ಪ ಮೊದಲು ಹೀಗೆ ಬರೆದಿದೆ: ಹೊಸ ತಲೆಮಾರಿನ ಕಾರಿನಲ್ಲಿ ಒಂದು ಬಟನ್ ಉಂಟು, ಒತ್ತಿದರೆ ಕಾರು ತನ್ನ ಮೂಗನ್ನು ಮೇಲಕ್ಕೆ ಎತ್ತಿಕೊಂಡು ಹಂಪ್ಸನ್ನು ಸಲೀಸಾಗಿ ದಾಟುತ್ತದೆ. ಅಷ್ಟೇ ಅಲ್ಲ, ಒಮ್ಮೆ ಮೂಗೆತ್ತಿದ ಜಾಗವನ್ನು ಅದು ಉಪಗ್ರಹದ ಸಹಾಯದಿಂದ ನೆನಪಿಟ್ಟುಕೊಂಡು ಮುಂದಿನ ಸಲ ಯಾರೂ ಹೇಳದೆಯೇ ತಾನಾಗಿ ಎತ್ತಿಕೊಳ್ಳುತ್ತದೆ. ಅಂದರೆ ಯಾವ ಕಾರಿಗಾಗಿ ತಾವು ಹಂಪ್ಸನ್ನು ಕೀಳಿಸಿದಿರೋ ಆ ಕಾರಿಗೆ ಹಂಪ್ಸಿನ ಬಗ್ಗೆ ಯಾವ ದೂರೂ ಇಲ್ಲ. ಅದು ಸಿದ್ಧವಾಗಿಯೇ ಹುಟ್ಟಿದೆ. ಇಷ್ಟು ವರ್ಷ ಈ ಬೀದಿಯಲ್ಲಿ ಹಾದುಹೋದ ಸ್ಥಿತಿವಂತರಲ್ಲಿ ನಮ್ಮೂರನ್ನು ನೆನಪಿಟ್ಟುಕೊಳ್ಳುವ ಶಕ್ತಿಯುಳ್ಳ ಮೊದಲನೆಯವರು ಆ ಕಾರೇ ಆಗಿರುವುದರಿಂದ, ನಾನು ನನ್ನ ತತ್ವಗಳನ್ನೆಲ್ಲ ಒಂದು ಭಾನುವಾರದ ಮಟ್ಟಿಗೆ ಪಕ್ಕಕ್ಕಿಟ್ಟು ತಮ್ಮಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ: ಹೊಸದನ್ನೇ ಕೊಳ್ಳಿ. ಹಳೆಯದರ ಮೇಲೆ ದಯೆ ತೋರಬೇಡಿ. ಸಾಧ್ಯವಿದ್ದರೆ ಪಂಚಾಯಿತಿಗೂ ಆ ಜಾತಿಯದೊಂದು ಕೊಡಿಸಿ, ಅದಕ್ಕೂ ಒಂದಿಷ್ಟು ನೆನಪಿನ ಶಕ್ತಿ ಬೇಕಾಗಿದೆ.

ಆದರೆ ಆ ಕಾರು ಬ್ಯಾಟರಿಯಲ್ಲಿ ಉಸಿರೂ ಕೇಳಿಸದೆ ಬರುತ್ತದೆಂದು ತಾವೇ ಹೇಳಿದ್ದೀರಿ. ಹಳೆಯ ಕಾರಿಗೆ ಹಂಪ್ಸು ಇಲ್ಲದಿದ್ದರೂ ನಡೆಯುತ್ತಿತ್ತು, ಅದು ಕೆರೆ ಏರಿಯ ಮೇಲಿರುವಾಗಲೇ ತಾತ ಹಿಂದಕ್ಕೆ ಸರಿಯುತ್ತಿದ್ದರು. ಸದ್ದಿಲ್ಲದ್ದಕ್ಕೆ ಹಂಪ್ಸು ಬೇಕೇ ಬೇಕು. ಎಷ್ಟೇ ಮೌನಿಯಾದರೂ ಅದರ ಮೇಲೆ ಹತ್ತಿ ಇಳಿಯುವಾಗ ಎರಡು ಸಲ ಬಾಯಿಬಿಡಲೇಬೇಕು. ಇದು ತಮಗೆ ಅನಾನುಕೂಲವಾದರೆ ಬೇರೆ ದಾರಿಗಳನ್ನೂ ಯೋಚಿಸಿದ್ದೇನೆ. ಡೈರಿಯನ್ನು ಎತ್ತಿ ರಸ್ತೆಯ ಈ ಕಡೆಗೆ ಇರಿಸಬಹುದು. ರಸ್ತೆಯನ್ನೇ ಸುರುಳಿ ಸುತ್ತಿ ತಾತನ ಹಿತ್ತಲಿನ ಆಚೆಗೆ ಹಾಸಬಹುದು. ಬಡಾವಣೆ ಮಾಡುವವರಿಗೆ ಅದೇನು ದೊಡ್ಡದು. ಇಲ್ಲವೇ ಕಾರಿನ ಕೊರಳಿಗೆ ಒಂದು ಗಂಟೆ ಕಟ್ಟಬಹುದು. ತಾತನ ಬಳಿ ಘಾಟಿ ದನಗಳ ಜಾತ್ರೆಯಲ್ಲಿ ಕೊಂಡ ಎತ್ತಿನ ಗಂಟೆಯೊಂದಿದೆ, ಎತ್ತುಗಳು ಇಲ್ಲ. ಹಳದಿ ಬಣ್ಣಕ್ಕೆ ಹಿತ್ತಾಳೆ ಚೆನ್ನಾಗಿ ಹೊಂದುತ್ತದೆ.

"ಸುಮ್ಕಿರು ಬೇಟಿ, ಸಾಹೇಬ್ರು ನಮ್ ಗಿರಾಕಿ" ಎಂದು ಅಬ್ಬಾ ಈ ಪತ್ರವನ್ನು ತಡೆಯಲು ನೋಡಿದರು. ಕೊನೆಯವರೆಗೂ ಓದಿಹೇಳಿದ ಮೇಲೆ ಅಂಟಿಸಲು ಮೈದಾಹಿಟ್ಟು ಕಾಯಿಸಿ ಕೊಟ್ಟರು. ಕಿತ್ತ ಹಂಪ್ಸಿನ ತುಂಡುಗಳು ಡೈರಿ ಬೇಲಿಯ ಪಕ್ಕದಲ್ಲೇ ಬಿದ್ದಿವೆ. ಹಾಲು ಅಳೆಯುವವರೆಗೆ ಹೆಂಗಸರು ಅವುಗಳ ಮೇಲೆ ಕೂತಿರುತ್ತಾರೆ. ಅವನ್ನೇ ಜೋಡಿಸಿ ಸಂದಿಗೆ ಹಾಕಲು ಸಿಮೆಂಟನ್ನೂ ಮೇಲೆ ಬಳಿಯಲು ಬಿಳಿ ಬಣ್ಣವನ್ನೂ ಹುಡುಗರು ತಂದಿಟ್ಟಿದ್ದಾರೆ. ನಾಳೆ ಶುಕ್ರವಾರ ಕೆಲಸ ಮುಗಿಯುತ್ತದೆ. ಮೇಲಿನಿಂದ ಪರ್ಮಿಷನ್ ಕೇಳಿ ಅರ್ಜಿ ಕೊಟ್ಟಿದ್ದೇನೆ. ಅದು ಬರುವವರೆಗೆ ಹಂಪ್ಸು ಕೆಳಗೇ ಕಾಯುತ್ತಾ ಮಲಗಿರುತ್ತದೆ.

ಆದ್ದರಿಂದ ಶೋರೂಮಿನವರಿಂದ ಹೊಸ ಕಾರನ್ನು ಟ್ರಯಲ್‌ಗೆಂದು ಕೇಳಿ ಪಡೆದು, ಬ್ಯಾಟರಿಯಲ್ಲೇ, ಸದ್ದಿಲ್ಲದೆ ಓಡಿಸಿಕೊಂಡು ಬನ್ನಿ. ಹಲಗೆಗಳನ್ನು ಈ ಸಲ ಯಾರೂ ಹಾಸುವುದಿಲ್ಲ. ತಾವು ಬಟನ್ ಒತ್ತಿ, ಕಾರು ಮೂಗೆತ್ತಿ, ಎರಡು ಢಡಕ್ ಆಗಿ, ಅದರ ಹಿಂದೆಯೇ ದೊಡ್ಡಬೀರಪ್ಪ ತಾತ ಯಾರ ಕೈಯನ್ನೂ ಹಿಡಿಯದೆ ಕ್ಯಾನು ಹೊತ್ತು ಆ ಕಡೆ ಸೇರಿದರೆ, ತಾವು ಕಾರನ್ನು ಕೊಳ್ಳಬಹುದು, ಅವರು ಹಸುವನ್ನು ಉಳಿಸಿಕೊಳ್ಳಬಹುದು. ದಲ್ಲಾಳಿ ಬರುವುದು ಸೋಮವಾರ. ನಾವು ಸೇರುವುದು ಅದರ ಹಿಂದಿನ ದಿನ, ಇದೇ ಭಾನುವಾರ, ಬೆಳಿಗ್ಗೆ ಏಳು ಗಂಟೆಗೆ, ಡೈರಿ ಮುಂದೆ.

ತಮ್ಮ, ಹಾಗೂ ತಮಗಿಂತ ಹೆಚ್ಚಾಗಿ ತಮ್ಮ ಮುಂದಿನ ಕಾರಿನ, ವಿಶ್ವಾಸಿ,
ಉಮ್ಮೆ ಹಬೀಬಾ
ಚಹಾ ಅಂಗಡಿ, ಡೈರಿ ಎದುರು, ನೇರಳೆಕುಂಟೆ

ಮರೆತ ಮಾತು: ತಮ್ಮದು ಬೋರ್‌ವೆಲ್ ಲಾರಿಯಲ್ಲವೆಂದು ತಾತನಿಗೆ ನಾನು ಇನ್ನೂ ಹೇಳಿಲ್ಲ. ಡೈರಿ ಮುಂದೆ ಜೆಸಿಬಿ ಅಗೆದ ದಿನವೂ ಅವರು ಕೇಳಿದ್ದು ಅದನ್ನೇ, "ರಸ್ತೇಲೇ ಕೊರೆದ್ರಂತಲ್ಲಮ್ಮಣ್ಣಿ, ನೀರು ಬಿತ್ತಾ?" ಎಂದು. ಇವತ್ತು ಮತ್ತೆ ಕೇಳಿದಾಗ, ಸಾಹೇಬರು ಈ ಭಾನುವಾರ ತಾವೇ ಬಂದು ಹೇಳುತ್ತಾರೆ ತಾತ ಎಂದುಬಿಟ್ಟಿದ್ದೇನೆ.