ಮಾಮಾನ ಇಮೇಲು ಮತ್ತು ರದ್ದಿ ಗಂಟು

ಇಮೇಲ್ ಕಳಿಸಿ, ಅದು ಮುಟ್ಟಿತೋ ಇಲ್ಲವೋ ಎಂದು ನೋಡಲು ಬಸ್ಸು ಹತ್ತಿ ಬರುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದೇನು, ಚಹಾ ಮಾಡಿಕೊಟ್ಟು ಸುಸ್ತಾಗಿದ್ದೇನೆ! ಅವರು ನನ್ನ ಸೋದರಮಾವ. ಅವರ ಮನೆ ವಾಸ್ಕೋದ ಮಂಗೋರ್ ಹಿಲ್‌ನಲ್ಲಿ, ನನ್ನದು ಪಣಜಿಯಲ್ಲಿ. ರವಿವಾರ ಒಂಬತ್ತಕ್ಕೆ ಮೇಲ್ ಕಳಿಸಿದರೆಂದರೆ, ಕಂಡಕ್ಟರನ ‘ಫುಡೆಂ ವಚ್, ಫುಡೆಂ ವಚ್’ ಎಂಬ ಕೂಗಿಗೆ ಬಸ್ಸಿನಲ್ಲಿ ಮುಂದೆ ಮುಂದೆ ಸರಿಯುತ್ತ, ಜುವಾರಿ ಸೇತುವೆ ದಾಟಿ, ಹನ್ನೊಂದಕ್ಕೆ ನನ್ನ ಬಾಗಿಲಲ್ಲಿ ಹಾಜರು.

“ಬಂತೇನವಾ?”

“ಏನು ಮಾಮಾ?”

“ಮೇಲು. ತಗದು ನೋಡವಾ.”

ತೆಗೆದು ನೋಡಿದರೆ ಒಳಗೆ ಇರುವುದು ಒಂದೇ ಸಾಲು: ‘ಹನ್ನೊಂದು ಗಂಟೆಗೆ ನಿಮ್ಮಲ್ಲಿಗೆ ಬರುತ್ತಿದ್ದೇನೆ’! ಅದನ್ನು ಅವರೇ ಗಟ್ಟಿಯಾಗಿ ಓದಿ, ದಾರಿಯಲ್ಲಿ ಯಾವ ಅಕ್ಷರವೂ ಬಿದ್ದುಹೋಗಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕುರ್ಚಿಯಲ್ಲಿ ಕೂರುತ್ತಾರೆ.

ಧಾರವಾಡದಿಂದ ಒಂದು ಟ್ರಂಕು ಹಿಡಿದು ಬಂದ ಮಾಮಾ, ಮುರ್ಮುಗಾಂವ್ ಬಂದರಿನಲ್ಲಿ ಹಡಗು ಏಜೆಂಟರೊಬ್ಬರ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದರು. ಅಲ್ಲಿಯ ಸಾಹೇಬರಿಗೆ ಎಲ್ಲ ಕಪಾಟು ಜಾಲಾಡುವ ಚಟ. ಅವರು ತೆಗೆದ ಕಾಗದ ಮತ್ತೆ ಜಾಗಕ್ಕೆ ಬಂದ ಇತಿಹಾಸವೇ ಇರಲಿಲ್ಲವಂತೆ. ಅದಕ್ಕೆ ಮಾಮಾ ಅತಿ ಮುಖ್ಯ ಕಾಗದಗಳನ್ನೆಲ್ಲ ರದ್ದಿ ಪೇಪರಿನ ಗಂಟಿನಲ್ಲಿ ಬಚ್ಚಿಡುವುದನ್ನು ಕಲಿತರು. “ರದ್ದಿಗೆ ಯಾವ ಸಾಹೇಬನೂ ಕೈ ಹಾಕೂದಿಲ್ಲ” ಎಂಬುದು ಅವರು ಕಂಡುಕೊಂಡ ಸತ್ಯ. ಮನೆಯಲ್ಲೂ ಅದೇ ಪದ್ಧತಿ! ಮನೆ ಪತ್ರ, ಪಾಸ್‌ಪೋರ್ಟು, ಮದುವೆಯ ಫೋಟೋ ಎಲ್ಲ ಹಳೆ ಪೇಪರಿನ ನಡುವೆ. ಬೀದಿಯಲ್ಲಿ ರದ್ದಿಯವನ ಕೂಗು ಕೇಳಿದರೆ ಸಾಕು, ಮಾಮಿ ಎದೆ ಹಿಡಿದುಕೊಂಡು ಓಡಿಬಂದು ಬಾಗಿಲು ಹಾಕುತ್ತಾರೆ. ಈ ರದ್ದಿಯ ಮಾತನ್ನು ನೀವು ನೆನಪಿಡಿ. ನಾನು ಮರೆತೆ, ಅನುಭವಿಸಿದೆ.

2010ರ ಸುಮಾರಿಗೆ ಮಾಮಾನ ನೆರೆಮನೆಗೆ ಹೊಸ ಕಂಪ್ಯೂಟರ್ ಬಂತು. ಮಾಮಾನಿಗೆ ನಿದ್ದೆ ಹೋಯಿತು. “ಅವರ ಪರದೆ ಗಾಜಿನಂಗ ಹೊಳೀತೈತಿ, ನಮ್ದು ಮಾಸಿದ ಧೋತರದಂಗ ಐತಿ” ಎಂದು ಫೋನಿನಲ್ಲಿ ಒಂದೇ ರಾಗ. ನಾನು ಬಂದು ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಕೊಡುತ್ತೇನೆ, ಅಲ್ಲಿಯ ತನಕ ಏನನ್ನೂ ಮುಟ್ಟಬೇಡಿ ಎಂದು ಕೈಮುಗಿದು ಹೇಳಿದ್ದೆ. ಕೇಳಿದರೆ ಅವರು ಮಾಮಾ ಹೇಗಾದಾರು? ಪಂಚಾಂಗ ನೋಡಿ, ಕಂಪ್ಯೂಟರಿಗೆ ಕುಂಕುಮವಿಟ್ಟು, ಅದರ ಎದುರೇ ಕಾಯಿ ಒಡೆದು, ಹೊಸ ಸಿಸ್ಟಂನ ಸೀಡಿಯನ್ನು ತಾವೇ ತುರುಕಿಬಿಟ್ಟರು. ಕಾಯಿನೀರು ಕೀಬೋರ್ಡಿಗೆ ಸಿಡಿದು ಸ್ಪೇಸ್ ಬಾರ್ ಇವತ್ತಿಗೂ ಅಂಟುತ್ತದೆ.

ಹೊಳಪೇನೋ ಬಂತು. ಆದರೆ ಮಾಮಾ ವರ್ಷಗಟ್ಟಲೆ ಬಳಸಿದ ಮೇಲ್ ಪ್ರೋಗ್ರಾಂ ಮಾಯ! ಹೊಸ ಸಿಸ್ಟಂನಲ್ಲಿ ಅದು ಇರುವುದೇ ಇಲ್ಲ. ಆ ರವಿವಾರ ಮಾಮಾ ಮೊದಲ ಬಾರಿಗೆ ಮೇಲ್ ಕಳಿಸದೆ ನನ್ನ ಮನೆಗೆ ಬಂದರು. ಚಹಾ ಕೂಡ ಮುಟ್ಟಲಿಲ್ಲ.

“ಹೊಸಾವು ಬರ್ಲಿ ಬಿಡ್ಲಿ. ಹಳೇ ಕಾಗದ ಅದಾವಲ್ಲ, ಜರೂರಿ ಕಾಗದ, ಅವು ಬರಬೇಕು ನೋಡವಾ. ಅವು ಹೋದ್ರ ನಾ ಹೋದಂಗ.”

ಯಾವುದೋ ಕಾಲದಲ್ಲಿ ಗುಜರಿಗೆ ಹೋದ ಹಡಗುಗಳ ಅದಿರಿನ ಲೆಕ್ಕವಿರಬೇಕು ಎಂದುಕೊಂಡು, ಒಳಗೊಳಗೇ ನಗುತ್ತ ಅವರ ಜೊತೆಗೇ ವಾಸ್ಕೋ ಬಸ್ಸು ಹತ್ತಿದೆ.

ಬೇರೊಂದು ಮೇಲ್ ಪ್ರೋಗ್ರಾಂ ಹಾಕಿದೆ. ಅದು ಪಾಸ್‌ವರ್ಡ್ ಕೇಳಿತು. ಕೇಳಿದ್ದೇ ತಡ, ಮಾಮಾ ನನ್ನನ್ನು ಅಡಿಗೆಮನೆಗೆ ಅಟ್ಟಿ, ಬಾಗಿಲು ಮುಂದೆ ಮಾಡಿ, ಕೀಬೋರ್ಡಿನ ಮೇಲೆ ಟವೆಲ್ ಹೊದಿಸಿ, ಒಂದೊಂದೇ ಅಕ್ಷರ ಒತ್ತತೊಡಗಿದರು. ಎಷ್ಟು ಗುಟ್ಟು! ಆದರೆ ಒತ್ತುವ ಪ್ರತಿ ಅಕ್ಷರವನ್ನೂ ಬಾಯಿಬಿಟ್ಟು ಕೂಗುವುದು ಅವರ ಅಭ್ಯಾಸ. ಮಾಮಿಯ ಹೆಸರು, ಮುಂದೆ ಮನೆ ನಂಬರು. ಕಿಟಕಿಯಾಚೆಯಿಂದ ನೆರೆಮನೆಯಾಕೆ, “ಕಡೀಕ ಎರಡು ಸೊನ್ನೀ ಬಿಟ್ರಿ ನೋಡ್ರಿ!” ಎಂದು ತಿದ್ದಿದರು.

ಆಮೇಲೆ ಹಳೆಯ ಮೇಲ್‌ಗಳು. ಹೊಸ ಸಿಸ್ಟಂ ಹಳೆಯ ಸಾಮಾನನ್ನೆಲ್ಲ ಒಂದು ಫೋಲ್ಡರಿಗೆ ತುಂಬಿ ಮೂಲೆಗೆ ತಳ್ಳಿತ್ತು. ಅಲ್ಲಿಂದ ನಕಲು ತಂದು ಹಾಕಿದೆ. ಪ್ರೋಗ್ರಾಂ ಅಲ್ಲಾಡದೆ ನಿಂತಿತು. ನೋಡಿದರೆ, ಅಳಿಸಿದ ಮೇಲ್‌ಗಳು ಹೋಗಿ ಬೀಳುವ ಕಸದ ಬುಟ್ಟಿ ಕಂಠಮಟ್ಟ ತುಂಬಿತ್ತು! ಒಂದೇ ಏಟಿಗೆ ಖಾಲಿ ಮಾಡಿದೆ.

“ಕಸಾ ಎಲ್ಲಾ ಹೊಡದು ಒಗದೆ ಮಾಮಾ. ಈಗ ನೋಡ್ರಿ ಹೆಂಗ ಓಡತೈತಿ!”

ಮಾಮಾ ಕನ್ನಡಕ ಏರಿಸಿ ನೋಡಿದರು. ಬಂದ ಮೇಲ್‌ಗಳ ಜಾಗದಲ್ಲಿ ಕೂದಲು ಬೆಳೆಸುವ ಎಣ್ಣೆ, ತೂಕ ಇಳಿಸುವ ಮಾತ್ರೆ, ಯಾವುದೋ ದೇಶದ ಲಾಟರಿ, ಎಲ್ಲವೂ ಜೋಪಾನವಾಗಿದ್ದವು.

“ರದ್ದ್ಯಾಗ ಇಟ್ಟಿದ್ನಲ್ಲವಾ...” ಎಂದರು. ದನಿ ಸಣ್ಣಗಾಗಿತ್ತು.

ಮಾಮಿ ಸೌಟು ಹಿಡಿದೇ ಹೊರಗೆ ಬಂದರು. “ಅಯ್ಯ ಶಿವನ, ಒಗದಬಿಟ್ಟೇನ? ನಮ್ಮನ್ಯಾಗ ಒಗಿಯೂದೆಲ್ಲಾ ಮ್ಯಾಲ ಇರತೈತಿ, ಇಡೂದೆಲ್ಲಾ ಕಸದಾಗ ಇರತೈತಿ, ಗೊತ್ತಿಲ್ಲೇನು ನಿನಗ?”

ಮಾಮಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಬಂದರಿನ ಕಡೆ ಮುಖ ಮಾಡಿ ಕೂತರು. ಆ ಬೆನ್ನು ನೋಡಿ ನನ್ನ ಜಾಣತನವೆಲ್ಲ ಇಳಿದುಹೋಯಿತು. ಆಗ ಹೊಳೆಯಿತು: ನಾನು ಒಗೆದದ್ದು ನಕಲನ್ನಷ್ಟೇ ಅಲ್ಲವೇ? ಮೂಲ ಇನ್ನೂ ಆ ಮೂಲೆಯ ಫೋಲ್ಡರಿನಲ್ಲೇ ಇತ್ತು. ಮತ್ತೆ ತಂದೆ. ಅರ್ಧ ಗಂಟೆ ಪರದೆಯನ್ನೇ ನೋಡುತ್ತ ಕೂತೆ. ಕಸದ ಬುಟ್ಟಿ ಮತ್ತೆ ತುಂಬಿತು.

“ಬಂದೂವು ಮಾಮಾ!” ಎಂದು ಕೂಗಿ, ಮೊದಲನೆಯದನ್ನು ತೆರೆದೆ. ಕೆಳಗೆ ನನ್ನ ಹೆಸರು. ಎರಡನೆಯದೂ ನನ್ನದೇ. ಎಲ್ಲವೂ ನನ್ನವೇ! ಪುಣೆಯಲ್ಲಿ ಓದುತ್ತಿದ್ದ ಎರಡು ವರ್ಷ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ ಕಳಿಸಿದ್ದ ಮೇಲ್‌ಗಳು. ಹಾಸ್ಟೆಲಿನ ನೀರು ಸಾರು, ಕಳುವಾದ ಛತ್ರಿ, ಜ್ವರ. ಜ್ವರದಲ್ಲಿ ವಾರವಿಡೀ ಉತ್ತರ ಬರೆಯದಿದ್ದಾಗ ಮಾಮಾ ವಾಸ್ಕೋದಿಂದ ರೈಲು ಹತ್ತಿ, ಮೆಂತ್ಯಹಿಟ್ಟಿನ ಡಬ್ಬಿ ಹಿಡಿದು ಹಾಸ್ಟೆಲಿನ ಬಾಗಿಲಿಗೇ ಬಂದಿದ್ದರು. “ಮೇಲು ಬಂತೇನವಾ?” ಎಂದು ಅವರು ಮೊದಲು ಕೇಳಿದ್ದು ಅಲ್ಲಿ. ಅವರು ವಾಸ್ಕೋಕ್ಕೆ ಮರಳಿದ ಮೇಲೆ ನಾನು ಕಳಿಸಿದ್ದ ಒಂದು ಮೇಲ್ ಕೂಡ ಆ ರಾಶಿಯಲ್ಲಿತ್ತು: ‘ಇನ್ನು ಹೀಗೆಲ್ಲ ಬರಬೇಡಿ. ಇಲ್ಲಿ ಎಲ್ಲರೂ ನಗುತ್ತಾರೆ.’

ಅಷ್ಟರಲ್ಲಿ ಮಾಮಾ ಒಳಗೆ ಬಂದು ಬೆನ್ನ ಹಿಂದೆ ನಿಂತಿದ್ದರು; ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

“ಇದನ್ಯಾಕ ಇಟ್ಕೊಂಡೀರಿ ಮಾಮಾ? ಬೈದು ಬರದೇನಿ ಇದರಾಗ.”

“ಬೈದ್ರೇನಾತು? ನಿನಗ ಆರಾಮ ಆಗೇತಿ ಅಂತ ಅದರಿಂದನ ಗೊತ್ತಾತು. ಜ್ವರಾ ಇದ್ದಾಕಿ ಹಿಂಗ ಬೈತಾಳೇನು?” ಎಂದು ಮಾಮಾ ಕಣ್ಣು ಒರೆಸಿಕೊಂಡು ಚಹಾ ಕೇಳಿದರು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಪಣಜಿಯಿಂದ ಅವರಿಗೊಂದು ಮೇಲ್ ಕಳಿಸಿದೆ. ಒಂದೇ ಸಾಲು. ಕಚೇರಿಗೆ ರಜೆ ಹಾಕಿ ವಾಸ್ಕೋ ಬಸ್ಸು ಹತ್ತಿದೆ. ಕಂಡಕ್ಟರ್ ಕೂಗಿದಂತೆಲ್ಲ ಮುಂದೆ ಮುಂದೆ ಸರಿದೆ, ಸೇತುವೆ ದಾಟಿದೆ, ಮಂಗೋರ್ ಹಿಲ್‌ನ ಮೆಟ್ಟಿಲು ಹತ್ತಿ ಸರಿಯಾಗಿ ಹನ್ನೊಂದಕ್ಕೆ ಬಾಗಿಲು ಬಡಿದೆ.

“ಬಂತೇನ್ರಿ ಮಾಮಾ?”