ಬೀಗರ ನಡುವೆ ಟ್ಯಾಂಗೋ

ಮೂವತ್ತು ವರ್ಷ ಕೊರಳಿಗೆ ಸೀಟಿ ಕಟ್ಟಿಕೊಂಡು ಪಿ.ಟಿ. ಮಾಸ್ತರಿಕೆ ಮಾಡಿದವನಿಗೆ ನಿವೃತ್ತಿಯಾದ ಮೇಲೂ ಇಂಥವು ತಪ್ಪುವುದಿಲ್ಲ. ಬೈಲಹೊಂಗಲದ ಸುತ್ತಮುತ್ತ ಎಲ್ಲೇ ಇಬ್ಬರು ವಾದಕ್ಕೆ ನಿಂತರೂ ಮೂರನೆಯವನಾಗಿ ನನಗೆ ಕರೆ ಬರುತ್ತದೆ. ಕಬಡ್ಡಿಯಲ್ಲಿ ಗೆರೆ ಮುಟ್ಟಿದನೋ ಇಲ್ಲವೋ ಎಂಬುದರಿಂದ ಹಿಡಿದು ಹೊಲದ ಬದು ಯಾರದು ಎಂಬುದರವರೆಗೆ ತೀರ್ಪು ಕೊಟ್ಟಿದ್ದೇನೆ, ಎರಡು ಕಡೆಯಿಂದಲೂ ಬೈಸಿಕೊಂಡಿದ್ದೇನೆ. ಆದರೆ ಪರದೇಶದ ಟ್ಯಾಂಗೋ ಕುಣಿತದ ಬಗ್ಗೆ ಸಂಪಗಾಂವದ ಚಹಾದಂಗಡಿಯಲ್ಲಿ ಕೂತು ನ್ಯಾಯ ಹೇಳುವ ಪ್ರಸಂಗ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

೧. ಚಹಾ ಆರಿದ್ದು

ಸಂಪಗಾಂವದಲ್ಲಿ ಒಂದು ಹೆಜ್ಜೆಮೇಳ ಇದೆ. ಕುಣಿಯುವವರು ಹನ್ನೆರಡು ಜನ, ಜತೆಗೆ ತಾಳದವನೊಬ್ಬ. ಕಾಲಿಗೆ ಗೆಜ್ಜೆ, ಕೈಯಲ್ಲಿ ಬಣ್ಣದ ವಸ್ತ್ರ, ಹಾಡುತ್ತಾ ದುಂಡಗೆ ಹೆಜ್ಜೆ ಹಾಕುತ್ತಾರೆ. ಮೇಳದ ಗುರುಗಳು ಅರವತ್ತು ದಾಟಿದ ರೈತರು. ಅವರು ವಸ್ತ್ರ ಎತ್ತಿದರೆ ಒಂದು ಹೆಜ್ಜೆ, ಇಳಿಸಿದರೆ ಇನ್ನೊಂದು. ಉಳಿದವರ ಕಣ್ಣೆಲ್ಲ ಅವರ ಮೇಲೆಯೇ.

ಆ ಉಳಿದವರಲ್ಲಿ ಒಬ್ಬರು ಗುರುಗಳ ಬಾಲ್ಯದ ಗೆಳೆಯರು. ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಮಾಲಕರು. ಗುರುಗಳಿಗೆ ಅಜ್ಜನ ಕಾಲದ ಹೆಜ್ಜೆ ಒಂದು ಕೂದಲೆಳೆಯಷ್ಟೂ ಬದಲಾಗಬಾರದು. ಟ್ರ್ಯಾಕ್ಟರ್ ಮಾಲಕರಿಗೆ ಹೊಸದೆಂದರೆ ಪ್ರಾಣ. ನಲವತ್ತು ವರ್ಷ ಇಬ್ಬರೂ ಗುಡಿಯ ಪೌಳಿಯಲ್ಲಿ ಗಂಟಲು ಹರಿಯುವಂತೆ ಜಗಳಾಡಿದ್ದಾರೆ.

"ಲೇ, ಅವು ಕಾಲೋ ಒನಕಿನೋ? ನೆಲಕ್ಕ ಯಾಕ ಗುದ್ದಾಕತ್ತಿ?"

"ನಿಮ್ಮ ಮುತ್ತ್ಯಾ ಹಾಕಿದ ಹೆಜ್ಜಿನ ಎಷ್ಟ ವರ್ಷ ಹಾಕ್ತಿಲೇ? ಹಳಸೇತಿ ಅದು."

ಐದು ನಿಮಿಷ ಬೈದಾಡಿ, ಆಮೇಲೆ ಒಂದೇ ಬಸಿಯಲ್ಲಿ ಚಹಾ ಹಂಚಿಕೊಂಡು ಕುಡಿಯುತ್ತಿದ್ದರು. ಎಲ್ಲ ಚೆನ್ನಾಗಿಯೇ ಇತ್ತು. ಎರಡು ವರ್ಷದ ಹಿಂದೆ ಗುರುಗಳ ಮಗಳನ್ನು ಟ್ರ್ಯಾಕ್ಟರ್ ಮಾಲಕರ ಮಗನಿಗೆ ಕೊಟ್ಟರು. ಕೆಟ್ಟಿದ್ದು ಅಲ್ಲಿಂದ.

ನಮ್ಮ ಕಡೆ ಬೀಗರೆಂದರೆ ಸಾಮಾನ್ಯ ಅಲ್ಲ. ಅದರಲ್ಲೂ ಹೆಣ್ಣು ಕೊಟ್ಟವರು ಗಂಡಿನ ತಂದೆಗೆ ಎದುರು ಮಾತಾಡುವುದುಂಟೇ? ಅಕ್ಷತೆ ಬಿದ್ದ ಗಳಿಗೆಯಿಂದ ಇಬ್ಬರ ಬಾಯಿಗೂ ಮರ್ಯಾದೆ ಬಂದು ಕೂತಿತು. ಚಹಾದಂಗಡಿಗೆ ಬಂದರೆ "ಬೀಗರ, ಮೊದಲ ನೀವು ತಗೋರಿ" ಎಂದು ಇವರು, "ಛೇ ಛೇ, ನೀವು ತಗೋಳ್ದ ನಾ ಹೆಂಗ ತಗೊಳ್ಳಲಿ?" ಎಂದು ಅವರು.

ಅಂಗಡಿಯವನು ಒಮ್ಮೆ ನನ್ನ ಹತ್ತಿರ ಗೋಳಾಡಿದ: "ಸರ್, ಇವರು ಬೀಗರಾದಾಗಿಂದ ನನ್ನ ಚಹಾ ಇಬ್ಬರೂ ಬಿಸಿ ಕುಡದಿಲ್ರಿ. ಊರಾಗ ನನ್ನ ಹೆಸರ ಕೆಡಾಕತ್ತೈತಿ."

೨. ದುಂಡೋ ಸಾಲೋ

ಜಗಳ ನಿಂತಿತು, ಜಗಳದ ಕಾರಣ ನಿಲ್ಲಲಿಲ್ಲ. ಗುರುಗಳ ಮೇಳ ದುಂಡಗೆ ನಿಲ್ಲುತ್ತದೆ, ಎಲ್ಲರ ಮುಖವೂ ಒಳಕ್ಕೆ. ಸ್ಪರ್ಧೆಗಳಲ್ಲಿ ಈಗ ವೇದಿಕೆ, ಮುಂದೆ ತೀರ್ಪುಗಾರರು, ಸುತ್ತ ಮೊಬೈಲು. ಸಾಲಾಗಿ ನಿಂತು ಜನರಿಗೆ ಮುಖ ತೋರಿಸಬೇಕು ಎಂಬುದು ಟ್ರ್ಯಾಕ್ಟರ್ ಮಾಲಕರ ಮಾತು.

ಒಂದು ರವಿವಾರ ಇಬ್ಬರೂ ಬೈಲಹೊಂಗಲಕ್ಕೆ ನಮ್ಮ ಮನೆಗೆ ಬಂದು, ನನ್ನ ಎಡಕ್ಕೊಬ್ಬರು ಬಲಕ್ಕೊಬ್ಬರು ಕೂತರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಸರ್, ಬೀಗರು ಹೇಳೂದು ಖರೇನ ಐತ್ರಿ," ಎಂದರು ಗುರುಗಳು. "ಆದ್ರ ಮುಖಾ ಮುಖಾ ನೋಡ್ಕೋಂತ ಹಾಕೂ ಹೆಜ್ಜಿರಿ ಇದು."

"ಸರ್, ಬೀಗರ ಮಾತ ನಾ ಮೀರಂಗಿಲ್ರಿ," ಎಂದರು ಟ್ರ್ಯಾಕ್ಟರ್ ಮಾಲಕರು. "ಆದ್ರ ಮಂದಿಗೆ ಬೆನ್ನ ತೋರಿಸಿದ್ರ ಬಹುಮಾನ ಯಾರು ಕೊಡ್ತಾರ್ರಿ?"

ಒಂದು ತಾಸು ಹೀಗೇ ನಡೆಯಿತು. ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು: "ಜಗಳ ಅಂದ್ರ ಹಿಂಗ ಮರ್ಯಾದಿಲೆ ಆಡಬೇಕ್ರಿ. ನೀವೂ ಸ್ವಲ್ಪ ಕಲೀರಿ."

ಜೀವಮಾನವೆಲ್ಲ "ಸಾಲಾಗಿ ನಿಲ್ಲಿ" ಎಂದು ಕೂಗಿದವನು ನಾನು. ದುಂಡು ನನಗೆ ತಿಳಿಯದ ವಿಷಯ. ಆದರೂ ತಿಳಿದವನಂತೆ ಒಂದು ರಾಜಿ ಸೂತ್ರ ಹೇಳಿದೆ: ದುಂಡಗೇ ನಿಲ್ಲಿ, ಆದರೆ ಮುಖ ಹೊರಗೆ ಮಾಡಿ. ಬೀಗರು ಒಪ್ಪಿದರೆಂದು ಇವರು ಒಪ್ಪಿದರು, ಇವರು ಒಪ್ಪಿದರೆಂದು ಬೀಗರು ಒಪ್ಪಿದರು. ನಿಜವಾಗಿ ಒಪ್ಪಿದವನು ನಾನೊಬ್ಬನೇ.

ರಾಮದುರ್ಗದ ಕಡೆ ಸಾಲಹಳ್ಳಿಯಲ್ಲಿ ನಿವೃತ್ತ ಮಾಸ್ತರರೊಬ್ಬರ ಸನ್ಮಾನವಿತ್ತು. ಮೇಳ ಅಲ್ಲಿ ನನ್ನ ಸೂತ್ರದಂತೆ ನಿಂತಿತು. ಹಾಡು ಶುರುವಾಯಿತು, ಗುರುಗಳು ವಸ್ತ್ರ ಎತ್ತಿದರು. ಎಲ್ಲರ ಮುಖವೂ ಹೊರಗಿರುವಾಗ ಅದನ್ನು ಯಾರು ನೋಡಬೇಕು? ಪ್ರತಿಯೊಬ್ಬನೂ ತನ್ನ ಮುಂದೆ ಹೆಜ್ಜೆ ಹಾಕುತ್ತಾ ಹೋದ, ದುಂಡು ದೊಡ್ಡದಾಗುತ್ತಾ ಹೋಯಿತು. ಹೆಂಗಸರು ಕೂತಲ್ಲಿಗೆ ಒಬ್ಬ ಹೋಗಿ ನಾಚಿ ನಿಂತ. ಇನ್ನೊಬ್ಬ ಚಪ್ಪಲಿಗಳ ನಡುವೆ ಹೆಜ್ಜೆ ಹಾಕಿ ಮುಗಿಸಿದ.

ವಾಪಸು ಬರುವಾಗ ಟೆಂಪೋದಲ್ಲಿ ಗುರುಗಳು ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಒಬ್ಬರ ಕಾಲ ಇನ್ನೊಬ್ಬರು ನೋಡ್ಲಿ ಅಂತ ದುಂಡಗ ನಿಲ್ಲೂದ್ರಿ ಸರ್. ಮಂದಿ ನೋಡೂದು ಆಮ್ಯಾಲಿನ ಮಾತು." ನನಗೆ ನಾಚಿಕೆಯಾಯಿತು. ಅಷ್ಟು ವರ್ಷ ಮಕ್ಕಳಿಗೆ ಮುಂದಿನವನ ಬೆನ್ನು ನೋಡಿಕೊಂಡು ನಿಲ್ಲುವುದನ್ನು ಕಲಿಸಿದೆನೇ ಹೊರತು ಪಕ್ಕದವನ ಕಾಲು ನೋಡುವುದನ್ನು ಕಲಿಸಲಿಲ್ಲ.

ಹೀಗೆ ಯೋಚಿಸುತ್ತಿರುವಾಗ ಟೆಂಪೋದಲ್ಲಿ ಕುಣಿಯುವವರು ಹನ್ನೊಂದೇ ಜನ ಇರುವುದು ಗಮನಕ್ಕೆ ಬಂತು. ಅಡಿಗೆಯ ಕಡೆ ಮುಖ ಮಾಡಿ ನಿಂತಿದ್ದವನು ಸಾಲಹಳ್ಳಿಯಲ್ಲೇ ಉಳಿದಿದ್ದ.

೩. ಸಂಪಗಾಂವಕ್ಕೆ ಟ್ಯಾಂಗೋ ಬಂತು

ಗುರುಗಳ ಮಗಳು ಕಿತ್ತೂರಿನ ಒಂದು ಶಾಲೆಯಲ್ಲಿ ಶಿಕ್ಷಕಿ. ತವರೂ ಗಂಡನ ಮನೆಯೂ ಒಂದೇ ಊರು. ಹೊಸ ಹೆಜ್ಜೆ ಹುಡುಕಿಕೊಡು ಎಂದು ಮಾವನವರು ಹೇಳಿದ್ದಕ್ಕೆ ಅವಳು ಮೊಬೈಲಿನಲ್ಲಿ ಹುಡುಕಿದಳು. ಅದು ಎಲ್ಲೆಲ್ಲೋ ಸುತ್ತಿ ಟ್ಯಾಂಗೋದಲ್ಲಿ ತಂದು ನಿಲ್ಲಿಸಿತು. ರವಿವಾರದ ತಾಲೀಮಿನ ಹೊತ್ತಿಗೆ ಮೊಬೈಲನ್ನು ಪೌಳಿಯ ಕಟ್ಟೆಯ ಮೇಲೆ ಆನಿಸಿ ಇಟ್ಟಳು.

ಮೊದಲನೆಯ ವಿಡಿಯೋದಲ್ಲಿ ದೊಡ್ಡ ವೇದಿಕೆ, ಝಗಝಗಿಸುವ ದೀಪ, ಒಂದು ಗಂಡು ಒಂದು ಹೆಣ್ಣು. ಆಕೆ ಕಾಲನ್ನು ಎತ್ತಿ ಅವನ ನಡುವಿಗೆ ಸುತ್ತಿದಳು. ಮೇಳದವರೆಲ್ಲ ಥಟ್ಟನೆ ಗುಡಿಯ ಶಿಖರ ನೋಡಿದರು, ಮತ್ತೆ ಮೊಬೈಲು ನೋಡಿದರು. "ಗಂಡ ಹೆಂಡತಿನ ಇರಬೇಕ ಬಿಡ್ರಿ," ಎಂದು ತಾಳದವನು ಎಲ್ಲರಿಗೂ ಸಮಾಧಾನ ಹೇಳಿದ.

ಎರಡನೆಯದು ಒಂದು ಸಣ್ಣ ಕೋಣೆ. ವಯಸ್ಸಾದ ಜೋಡಿಗಳು ಎದೆಗೆ ಎದೆ ಕೊಟ್ಟು, ಕಣ್ಣು ಮುಚ್ಚಿ, ಕಾಲು ನೆಲ ಬಿಡದಂತೆ ನಡೆಯುತ್ತಿದ್ದರು. ಎಲ್ಲ ಜೋಡಿಗಳೂ ಸೇರಿ ಕೋಣೆಯನ್ನು ದುಂಡಗೆ ಸುತ್ತುತ್ತಿದ್ದರು. ಗುರುಗಳು ನೆಟ್ಟಗೆ ಕೂತರು.

ವಿಡಿಯೋಗಳ ಕೆಳಗೆ ಅವನ್ನು ನೋಡಿದವರ ಟೀಕೆಗಳಿದ್ದವು. ಮೊಬೈಲೇ ಮಾಡಿಕೊಟ್ಟ ಕನ್ನಡವನ್ನು ಅವಳು ಓದಿ ಹೇಳಿದಳು. ವೇದಿಕೆಯದು ಟ್ಯಾಂಗೋ ಅಲ್ಲ, ಸರ್ಕಸ್ಸು ಎಂದು ಒಬ್ಬ ಬರೆದಿದ್ದ. ಹಳೆಯದನ್ನೇ ಕಟ್ಟಿಕೊಂಡು ಕೂತರೆ ಟ್ಯಾಂಗೋ ನಿಮ್ಮ ಜತೆಗೇ ಮಣ್ಣಾಗುತ್ತದೆ ಎಂದು ಇನ್ನೊಬ್ಬ.

ಅಷ್ಟು ಸಾಕಾಯಿತು. ಹೆಜ್ಜೆಮೇಳದ ಬಗ್ಗೆ ಮಾತಾಡಿದರೆ ಬೀಗರ ಮನಸ್ಸು ನೋಯುತ್ತದೆ. ಟ್ಯಾಂಗೋ ಯಾರ ಬೀಗರೂ ಅಲ್ಲ.

"ಕಣ್ಣ ಮುಚ್ಚಿ ಕುಣಿತಾರ್ರಿ ಅವರು! ಯಾರರೆ ನೋಡ್ಲಿ, ಬಿಡ್ಲಿ. ಟ್ಯಾಂಗೋ ಅಂದ್ರ ಅದು!" ಎಂದು ಗುರುಗಳು ಕಟ್ಟೆ ಗುದ್ದಿದರು.

"ಕಣ್ಣ ಮುಚ್ಚಿದ್ರ ನಿದ್ದಿ ಅಂತಾರ್ರಿ ಬೀಗರ. ಆ ಹುಡುಗಿ ಕಾಲ ಎತ್ತಬೇಕಾರ ಎಷ್ಟ ವರ್ಷ ದುಡದಿರಬೇಕು!"

"ಕಾಲ ಎತ್ತೂದು ಕತ್ತೆನೂ ಎತ್ತತೈತ್ರಿ!"

ವಾದ ಪೌಳಿಯಿಂದ ಚಹಾದಂಗಡಿಗೆ, ಅಲ್ಲಿಂದ ಕಬ್ಬಿನ ಗಾಡಿಗಳಿಗೆ ಹಬ್ಬಿತು. ವಾರದಲ್ಲಿ ಊರು ಎರಡಾಯಿತು. ಕಬ್ಬು ಕಡಿಯುವವರು ಹಳೇ ಟ್ಯಾಂಗೋದ ಕಡೆ, ಟ್ರ್ಯಾಕ್ಟರ್ ನಡೆಸುವವರು ಹೊಸ ಟ್ಯಾಂಗೋದ ಕಡೆ. ನನ್ನನ್ನು ಕರೆಸಿದರು. ಎರಡೂ ಟ್ಯಾಂಗೋನೇ ಎಂದೆ. ಇಂಥ ತೀರ್ಪಿಗೆ ಬೈಲಹೊಂಗಲದಿಂದ ಬರಬೇಕಿತ್ತೇ ಎಂದರು.

ಬೀಜ ಕೊಳ್ಳಲು ಬಂದಿದ್ದ ಪರಊರಿನ ರೈತರೊಬ್ಬರು ಅರ್ಧ ತಾಸು ಈ ಗದ್ದಲ ಕೇಳಿಸಿಕೊಂಡರು. ಕೊನೆಗೆ ನನ್ನ ತೋಳು ತಟ್ಟಿ ಕೇಳಿದರು: "ಈ ಎರಡರಾಗ ಯಾವ ಟ್ಯಾಂಗೋ ಆರಿಸಿ ಬಂದ್ರ ರಸ್ತಾ ಮಾಡಸ್ತೈತ್ರಿ?"

೪. ಎರಡು ಗುಟ್ಟು

ನಕ್ಕೆವು ನಿಜ. ಆದರೆ ಆ ಸಿಟ್ಟು ಟ್ಯಾಂಗೋದ ಮೇಲಿನದಲ್ಲ ಎಂದು ನನಗೆ ತಿಳಿಯುತ್ತಿತ್ತು. ಸವದತ್ತಿಯಲ್ಲಿ ಜನಪದ ಕುಣಿತದ ಸ್ಪರ್ಧೆ ನಿಗದಿಯಾಗಿತ್ತು. ಅದರ ಹಿಂದಿನ ವಾರ ಗುರುಗಳು ಒಬ್ಬರೇ ಮನೆಗೆ ಬಂದರು.

"ಸರ್, ಸವದತ್ತಿದ ಕಡೇದ್ರಿ. ಮೇಳ ಬಿಡತೇನಿ. ಬೀಗರು ದಿನಕ್ಕೊಂದ ಹೊಸಾದ ತರ್ತಾರ. ಬ್ಯಾಡ ಅನ್ನಾಕ ಬಾಯಿ ಬರಂಗಿಲ್ಲ. ಮಗಳ ಆ ಮನ್ಯಾಗ ಅದಾಳ. ನಾ ಒಂದ ಮಾತ ಅಂದ್ರ ಆಕಿ ನಾಕ ಕೇಳಬೇಕಾಕೈತಿ. ಯಾರಿಗೂ ಹೇಳಬ್ಯಾಡ್ರಿ." ಕಣ್ಣಲ್ಲಿ ನೀರಿತ್ತು.

ಮರುದಿನ ಟ್ರ್ಯಾಕ್ಟರ್ ಮಾಲಕರು ಬಂದರು. ಅವರೂ ಒಬ್ಬರೇ.

"ಸರ್, ಬೀಗರು ನನಗ ಬೈಯ್ಯೂದ ಬಿಟ್ಟಾರ್ರಿ. ನಾ ಬೇಕಂತನ ಇಲ್ಲದ ಹೆಜ್ಜಿ ತರತೇನಿ, ಒಮ್ಮೆರೆ ಮೊದಲಿನಂಗ 'ಲೇ' ಅಂತ ಬೈಲಿ ಅಂತ. ಅವರು ಹೂಂ ಅಂದ ಕೂಡ್ತಾರ. ಗೆಳ್ಯಾನ ಕಳಕೊಂಡಂಗ ಆಗೈತ್ರಿ. ಯಾರಿಗೂ ಹೇಳಬ್ಯಾಡ್ರಿ ಮತ್ತ."

ಇಬ್ಬರಿಗೂ ಮಾತು ಕೊಟ್ಟಿದ್ದೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಹೆಂಡತಿಯ ಹತ್ತಿರ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಅವರದ ಇವರಿಗೆ ಹೇಳೂದಿಲ್ಲ, ಇವರದ ಅವರಿಗೆ ಹೇಳೂದಿಲ್ಲ. ಹಂಗಾರ ನಡಬರಕ ನೀವ್ಯಾಕ? ಒಂದ ಕಲ್ಲ ನಿಲ್ಲಿಸಿದ್ರ ಆಗತಿತ್ತಲ್ಲ."

೫. ಸವದತ್ತಿಯ ವೇದಿಕೆ

ಸವದತ್ತಿಯ ವೇದಿಕೆಯ ಅರ್ಧವನ್ನು ಗಣ್ಯರ ಕುರ್ಚಿಗಳು ತಿಂದಿದ್ದವು, ಉಳಿದ ಅರ್ಧದಲ್ಲಿ ಧ್ವನಿವರ್ಧಕದ ಪೆಟ್ಟಿಗೆಗಳು. ಹನ್ನೆರಡು ಜನ ಕಾಲೂರಲು ಸಿಕ್ಕಿದ್ದು ಒಂದು ಕೋಣೆಯಷ್ಟು ಜಾಗ. ಮದುವೆಯಾದಾಗಿನಿಂದ ಇಬ್ಬರು ಬೀಗರೂ ದುಂಡಿನಲ್ಲಿ ಎದುರುಬದುರು ದೂರ ನಿಲ್ಲುತ್ತಿದ್ದರು. ಅಂದು ಇಕ್ಕಟ್ಟಿನಲ್ಲಿ ಪಕ್ಕಪಕ್ಕ ಬಂದರು. ಅರ್ಧ ಹಾಡು ದುಂಡಗೆ, ಅರ್ಧ ಹಾಡು ಸಾಲಾಗಿ ಎಂದು ಒಪ್ಪಂದವಾಗಿತ್ತು.

ಎರಡನೆಯ ನುಡಿ ಮುಗಿಯುವುದರಲ್ಲಿತ್ತು. ಟ್ರ್ಯಾಕ್ಟರ್ ಮಾಲಕರ ಕಾಲು ಗುರುಗಳ ಕಾಲಿನ ಮೇಲೆ ಬಿತ್ತು, ಗೆಜ್ಜೆ ಸಮೇತ.

ಯಾರ ಕಾಲು ಯಾರಿಗೆ ತಗುಲಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮಲ್ಲಿ ಹುಟ್ಟಿನಿಂದ ಬಂದದ್ದು, ಅದಕ್ಕೆ ಯೋಚನೆ ಬೇಡ. ತುಳಿದದ್ದಂತೂ ಬೀಗರನ್ನು! ಟ್ರ್ಯಾಕ್ಟರ್ ಮಾಲಕರು ತಟ್ಟನೆ ಬಗ್ಗಿ ಗುರುಗಳ ಪಾದ ಮುಟ್ಟಿದರು. ಗಂಡಿನ ತಂದೆ ತಮ್ಮ ಕಾಲು ಮುಟ್ಟುವುದೇ? ಗುರುಗಳು ಗಾಬರಿಯಾಗಿ ಅವರಿಗಿಂತ ಕೆಳಗೆ ಬಗ್ಗಿ ಅವರ ಪಾದ ಮುಟ್ಟಿದರು. ಕೈಯ ವಸ್ತ್ರವೂ ನೆಲಕ್ಕೆ ಇಳಿಯಿತು.

ವಸ್ತ್ರ ಇಳಿಯಿತೆಂದರೆ ಹೆಜ್ಜೆ ಬದಲು. ಉಳಿದ ಹತ್ತು ಜನ ಹಿಂದೆಮುಂದೆ ನೋಡಲಿಲ್ಲ. ಇಬ್ಬಿಬ್ಬರಾಗಿ ತಿರುಗಿ ಒಬ್ಬರ ಪಾದಕ್ಕೆ ಒಬ್ಬರು ಬಗ್ಗಿದರು, ಗುರುಗಳು ಎದ್ದ ಕೂಡಲೇ ಎದ್ದರು. ತಾಳದವನು ಹಳೆಯ ಹುಲಿ, ಎರಡು ಪೆಟ್ಟು ಹೆಚ್ಚು ಹಾಕಿ ಎಲ್ಲವನ್ನೂ ಲಯಕ್ಕೆ ತಂದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ನಾನು ವೇದಿಕೆಯ ಬದಿಯಲ್ಲೇ ಇದ್ದೆ. ಗುರುಗಳು ಚಪ್ಪಾಳೆ ಕೇಳಿ ಒಂದು ಗಳಿಗೆ ಬೆಪ್ಪಾದರು. ಆಮೇಲೆ ಹಲ್ಲು ಕಚ್ಚಿ ಪಕ್ಕಕ್ಕೆ ಹೇಳಿದ್ದು ನನಗೆ ಸ್ಪಷ್ಟ ಕೇಳಿಸಿತು: "ಲೇ, ಏನ ನೋಡ್ತಿ? ಇನ್ನೊಮ್ಮೆ ತುಳಿ!"

ಟ್ರ್ಯಾಕ್ಟರ್ ಮಾಲಕರ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಎರಡು ವರ್ಷದ ಬಾಕಿ ಸೇರಿಸಿ ತುಳಿದರು. ಹಾಡು ಮುಗಿಯುವುದರೊಳಗೆ ನಾಲ್ಕು ಸಲ ತುಳಿದರು, ನಾಲ್ಕು ಸಲವೂ ಹನ್ನೆರಡು ಜನ ಬಗ್ಗಿ ಎದ್ದರು. ಸಾಲಾಗಿ ನಿಲ್ಲುವುದು ಯಾರಿಗೂ ನೆನಪಾಗಲಿಲ್ಲ. ಪರಂಪರೆಯ ವಿನಯವನ್ನು ಹೊಸ ಸಂಯೋಜನೆಯಲ್ಲಿ ತೋರಿಸಿದ್ದಾರೆ ಎಂದು ತೀರ್ಪುಗಾರರು ಹೊಗಳಿ ಎರಡನೆಯ ಬಹುಮಾನ ಕೊಟ್ಟರು.

ಟೆಂಪೋ ಸವದತ್ತಿ ದಾಟುವ ಮೊದಲೇ ಜಗಳ ಶುರುವಾಯಿತು.

"ಲೇ, ಅದು ನಮ್ಮ ಮುತ್ತ್ಯಾನ ಕಾಲದ ಹೆಜ್ಜಿಲೇ. ನನಗ ಈಗ ನೆನಪಾತು."

"ಏನ ಮುತ್ತ್ಯಾ? ತುಳದಾಂವ ನಾ! ಹೊಸಾದದು, ನಂದದು!"

"ನೀ ಎಲ್ಲಿ ತುಳದಿ? ತಪ್ಪಿ ಬಿದ್ದಿ! ಬರೂ ರವಿವಾರ ಮುಂಜಾನೆ ಪೌಳಿಗೆ ಬಾ, ತುಳಿಯೂದ ಹೆಂಗಂತ ಕಲಸ್ತೇನಿ."

ಮೇಳ ಬಿಡುವ ಮಾತು ಅಲ್ಲಿಗೆ ಮುಗಿಯಿತು ಎಂದು ನನ್ನೊಬ್ಬನಿಗೇ ತಿಳಿಯಿತು. ನನ್ನ ಕಣ್ಣು ಮಂಜಾದದ್ದನ್ನು ಯಾರೂ ನೋಡಲಿಲ್ಲ, ನೋಡಲು ಅವರಿಗೆ ಪುರುಸೊತ್ತಿರಲಿಲ್ಲ. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು. "ಸರ್, ನೀವ ಹೇಳ್ರಿ. ಹಳೇದೋ, ಹೊಸಾದೋ?"

ನಾನು ಬಾಯಿ ತೆರೆಯುವುದರೊಳಗೆ ಹಿಂದಿನ ಸೀಟಿನಿಂದ, ಸ್ಪರ್ಧೆ ನೋಡಲು ಬಂದಿದ್ದ ಗುರುಗಳ ಮಗಳು ಹೇಳಿದಳು:

"ಹಳೇದೂ ಅಲ್ಲ, ಹೊಸಾದೂ ಅಲ್ಲ ಸರ್. ಅದು ನನ್ನ ಮದವ್ಯಾಗ ಹುಟ್ಟಿದ ಹೆಜ್ಜಿ. ಎರಡ ವರ್ಷಾತು, ಅಪ್ಪನೂ ಮಾವಾರೂ ಬಾಗಲದಾಗ ಎದುರಾದಾಗೆಲ್ಲಾ ಹಿಂಗ ಬಗ್ಗಾಕತ್ತಾರ. ತಾಳಕ್ಕ ಬಗ್ಗಿದ್ದು ಇವತ್ತ ಮೊದಲು."